ದ್ವೀಪದ ಮೇಲೊಂದು ಬಾಡಿಗೆ ಮನೆ

ಗಂಡ ಹೆಂಡತಿ ಇಬ್ಬರೂ ಒಂದೇ ಹಡಗಿನಲ್ಲಿ ಕೆಲಸ ಮಾಡುತ್ತಾರೆ ಎಂದು ಗೊತ್ತಾದವರೆಲ್ಲ, "ಪುಣ್ಯವಂತರಪ್ಪಾ, ಜೊತೆಜೊತೆಗೇ ಲೋಕ ಸುತ್ತುತೀರಿ" ಎನ್ನುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಹೇಳುತ್ತ ಕೂತರೆ ಮುಗಿಯುವ ಮಾತಲ್ಲ ಅದು.

ಪ್ರವಾಸಿಗಳನ್ನು ಹೊತ್ತು ಬಂದರಿನಿಂದ ಬಂದರಿಗೆ ಹೋಗುವ ದೊಡ್ಡ ಹಡಗು. ಅವಳು ಅದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವನು ಇಂಜಿನ್ ಕೋಣೆಯಲ್ಲಿ ಫಿಟ್ಟರ್. ಅವಳದು ಹಗಲು ಪಾಳಿ, ಅವನದು ರಾತ್ರಿ ಪಾಳಿ. ಅವಳು ಮಲಗುತ್ತಿದ್ದದ್ದು ಹೆಂಗಸರ ಕೋಣೆಯಲ್ಲಿ, ಪರದೆ ಎಳೆದುಕೊಳ್ಳುವ ಮೇಲಿನ ಹಾಸಿಗೆಯಲ್ಲಿ. ಅವನು ಗಂಡಸರ ಕೋಣೆಯಲ್ಲಿ, ಇಂಜಿನ್ನಿನ ಪಕ್ಕಕ್ಕೆ. ಎರಡು ಕೋಣೆಗೂ ಕಿಟಕಿ ಇಲ್ಲ, ಏಕೆಂದರೆ ಗೋಡೆಯ ಆಚೆ ಇರುವುದು ನೀರು. ಕೆಲಸಗಾರರ ಊಟದ ಹಾಲಿನಲ್ಲಿ ಅವಳು ಬೆಳಗಿನ ತಿಂಡಿಗೆ ಕೂತಾಗ ಅವನು ಎದುರಿಗೆ ಕೂತು ರಾತ್ರಿಯ ಊಟ ಮಾಡುತ್ತಿದ್ದ. ಅವನಿಗೆ ಆಕಳಿಕೆ, ಅವಳಿಗೆ ಅವಸರ. ಸಂಸಾರವೆಂದರೆ ಅಷ್ಟೇ ಆಗಿತ್ತು. ಮಗಳು ಊರಿನಲ್ಲಿ, ಅವನ ತಾಯಿಯ ಹತ್ತಿರ. ಚೋಟುದ್ದ ಇದ್ದಾಗ ಬಿಟ್ಟು ಬಂದದ್ದರಿಂದ ಅವಳ ಹೆಸರು ಚೋಟು ಎಂದೇ ಉಳಿದುಬಿಟ್ಟಿತ್ತು. ಈಗ ಅವಳು ಶಾಲೆಗೆ ಹೋಗುತ್ತಿದ್ದಳು, ಮುಂದಿನ ಹಲ್ಲು ಬಿದ್ದಿತ್ತು. ಬಿದ್ದದ್ದನ್ನು ತಾಯಿ ಫೋನಿನಲ್ಲಿ ನೋಡಿದ್ದಳು.

ಹಡಗು ಆ ದ್ವೀಪದ ಎದುರು ಲಂಗರು ಹಾಕಿದ ದಿನ ಗಂಡನಿಗೆ ರಜೆಯಿತ್ತು. ಅವಳಿಗೆ ಇರಲಿಲ್ಲ. ಲಾಂಡ್ರಿಯಲ್ಲಿ ಅವಳ ಪಕ್ಕದ ಟೇಬಲ್ಲಿನವಳು ಸಣಕಲು ಹುಡುಗಿ, ಎಲ್ಲರ ಬಾಯಲ್ಲೂ ಗುಬ್ಬಿ. ಆ ಗುಬ್ಬಿ ಬೆಳಿಗ್ಗೆ ಅವಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತುಕೊಂಡಳು.

"ಅಕ್ಕಾ, ಹೋಗು. ನಿನ್ನ ದಿಂಬಿನ ಚೀಲನೆಲ್ಲ ನಾನು ನೋಡ್ಕೋತೀನಿ. ಮೇಲ್ವಿಚಾರಕ ಕೇಳಿದ್ರೆ ಹೊಟ್ಟೆನೋವು ಅಂತೀನಿ."

"ಯಾರಿಗೆ ಹೊಟ್ಟೆನೋವು?"

"ಅವನಿಗೇ ಬರುತ್ತೆ, ಕೇಳಿ ಕೇಳಿ. ನೀನು ಹೋಗು ಅಂದ್ರೆ!"

ದಡಕ್ಕೆ ಹೋಗುವ ದೋಣಿಯಲ್ಲಿ ಗಂಡ ಹೆಂಡತಿ ಪಕ್ಕಪಕ್ಕದಲ್ಲಿ ಕೂತರು. ಅವಳು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಅವನು ತಲೆಗೆ ನೀರು ಹಚ್ಚಿ ಬಾಚಿದ್ದ. ಹಗಲಿನ ಬೆಳಕಿನಲ್ಲಿ ಅವನ ಕಿವಿಯ ಮೇಲೆ ಬಿಳಿ ಕೂದಲು ಕಂಡಿತು. ಯಾವಾಗ ಬಂತೋ, ಅವಳಿಗೆ ಗೊತ್ತೇ ಇರಲಿಲ್ಲ.

"ಏನು ಮಾಡೋಣ?" ಅವನು ಗಟ್ಟಿಯಾಗಿ ಕೇಳಿದ. ಇಂಜಿನ್ನಿನ ಸದ್ದಿನಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತಿತ್ತು. "ಮರಳ ಮೇಲೆ ಬಿದ್ಕೊಂಡು ನಿದ್ದೆ ಮಾಡೋಣ್ವಾ?"

"ನಿದ್ದೆ ಮಾಡೋಕೆ ಇಲ್ಲಿ ತನಕ ಬರಬೇಕಿತ್ತಾ? ನನಗೆ ಒಂದು ಮನೆಗೆ ಹೋಗಬೇಕು ರೀ."

"ಯಾರ ಮನೆಗೆ? ಇಲ್ಲಿ ಯಾರಿದ್ದಾರೆ ನಮಗೆ?"

"ಯಾರದ್ದಾದ್ರೂ ಆಗಲಿ. ಬಾಗಿಲು, ಹೊಸ್ತಿಲು, ಅಡುಗೆಮನೆ ಇರೋ ಒಂದು ಮನೆ. ಒಳಗೆ ಹೋಗಿ ಒಂದು ಗಳಿಗೆ ಕೂತು ಬರಬೇಕು, ಅಷ್ಟೇ."

ಅವನು ಅವಳ ಮುಖ ನೋಡಿದ. ತಮಾಷೆ ಮಾಡುತ್ತಿರಲಿಲ್ಲ ಅವಳು.

ಹಡಗಿನ ಜನರೆಲ್ಲ ಬಣ್ಣದ ಕೊಡೆಗಳಿದ್ದ ಮರಳಿನ ಕಡೆಗೆ ನಡೆದರು. ಇವರು ಅವರಿಗೆ ಬೆನ್ನು ಹಾಕಿ ಮೇಲಕ್ಕೆ ಹೋಗುವ ಓಣಿ ಹಿಡಿದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ತಗಡಿನ ಮಾಡುಗಳ ಚಿಕ್ಕ ಮನೆಗಳು, ಅಂಗಳದಲ್ಲಿ ತೆಂಗು, ದಾಸವಾಳ, ಹಗ್ಗದ ಮೇಲೆ ಒಣಗುವ ಬಟ್ಟೆ. ಅವಳು ಒಂದು ಅಂಗಳದ ಮುಂದೆ ನಿಂತು ಆ ಬಟ್ಟೆಗಳನ್ನೇ ನೋಡಿದಳು. ಯಾರೂ ಇಸ್ತ್ರಿ ಮಾಡದ ಬಟ್ಟೆಗಳು. ಗಾಳಿಗೆ ತಮ್ಮಷ್ಟಕ್ಕೆ ಹಾರಾಡುತ್ತಿದ್ದವು.

ಓಣಿಯ ತಿರುವಿನಲ್ಲಿ ನೀಲಿ ಬಾಗಿಲಿನ ಒಂದು ಮನೆಯಿತ್ತು. ಗೇಟಿಗೆ ರಟ್ಟಿನ ತುಂಡು ಕಟ್ಟಿತ್ತು: ಮನೆ ಬಾಡಿಗೆಗೆ ಇದೆ.

ಅವಳು ಗಂಡನ ತೋಳು ಹಿಡಿದಳು.

"ಬೇಡ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ.

"ನೋಡೋಕೆ ಏನು? ಮನೆ ನೋಡೋರೆಲ್ಲ ತಗೋತಾರಾ?"

"ಸುಳ್ಳು ಹೇಳಬೇಕಾಗುತ್ತೆ ಕಣೇ."

"ನೀವು ಸುಮ್ನಿರಿ. ನಾನು ಹೇಳ್ತೀನಿ."

ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ಮುದುಕಿ ಹೊರಬಂದಳು. ಒಂದರ ಮೇಲೊಂದು ಜೋಡಿಸಿದ ಹುಲ್ಲಿನ ಟೋಪಿಗಳ ಎತ್ತರದ ಗೋಪುರವನ್ನು ಎದೆಗೆ ಅವಚಿಕೊಂಡಿದ್ದಳು. ಟೋಪಿಗಳ ಮೇಲಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಮನೆ ನೋಡೋಕೆ ಬಂದ್ರಾ?" ಎಂದು ಕೇಳಿದವು ಆ ಕಣ್ಣುಗಳು.

"ಹೌದಮ್ಮಾ," ಎಂದಳು ಅವಳು. "ನಾವು ಹೊಸದಾಗಿ ಬಂದಿದ್ದೀವಿ. ಇವರು ಮೆಕ್ಯಾನಿಕ್ಕು. ನಾನು ಇಸ್ತ್ರಿ ಮಾಡ್ತೀನಿ. ಒಬ್ಬಳೇ ಮಗಳು."

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲವೆಂದು ಅವನಿಗೆ ಆಮೇಲೆ ಹೊಳೆಯಿತು. ಆದರೆ ಒಟ್ಟಿಗೆ ಸೇರಿಸಿದರೆ ಎಲ್ಲವೂ ಸುಳ್ಳಾಗಿತ್ತು.

ಅಜ್ಜಿ ಟೋಪಿಗಳನ್ನು ಕಟ್ಟೆಯ ಮೇಲಿಟ್ಟು, ಸೊಂಟದಿಂದ ಬೀಗದ ಕೈ ತೆಗೆದು ನೀಲಿ ಬಾಗಿಲು ತೆರೆದಳು. ಹೆಂಡತಿ ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲು ದಾಟಿದಳು. ಹಡಗಿನಲ್ಲೂ ಪ್ರತಿ ಬಾಗಿಲಿಗೆ ಎತ್ತರದ ಕಬ್ಬಿಣದ ಅಡ್ಡಪಟ್ಟಿಯಿದೆ, ನೀರು ಒಳಗೆ ನುಗ್ಗದಿರಲಿ ಎಂದು. ಇದು ಮರದ್ದು, ಜನರ ಕಾಲು ತಾಗಿ ತಾಗಿ ನಡುವೆ ಸವೆದು ತಗ್ಗಾಗಿತ್ತು.

ಒಂದು ಹಾಲು, ಒಂದು ದೊಡ್ಡ ಕೋಣೆ, ಒಂದು ಚಿಕ್ಕ ಕೋಣೆ, ಹಿಂದೆ ಅಡುಗೆಮನೆ. ಸಾಮಾನು ಏನೂ ಇರಲಿಲ್ಲ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಒಂದು ಗ್ಯಾಸ್ ಒಲೆ, ಹಿಡಿ ಮುರಿದ ಬಾಣಲೆ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಅಷ್ಟೇ. ಅಡುಗೆಮನೆಯ ಕಿಟಕಿಯಿಂದ ಹಿತ್ತಲ ಪರಂಗಿ ಮರ ಕಾಣುತ್ತಿತ್ತು, ಅದರಾಚೆ ಇಳಿಜಾರು, ಇಳಿಜಾರಿನ ಕೊನೆಗೆ ಸಮುದ್ರ. ದೂರದಲ್ಲಿ ಅವರ ಹಡಗು ಯಾರೋ ಮರೆತು ಬಿಟ್ಟುಹೋದ ಬಿಳಿ ತಟ್ಟೆಯ ಹಾಗೆ ನಿಂತಿತ್ತು. ಅವಳು ಅದರ ಕಡೆಯಿಂದ ಮುಖ ತಿರುಗಿಸಿದಳು.

"ಚಿಕ್ಕ ಕೋಣೆ ಮಗೂಗೆ ಆಗುತ್ತಲ್ವಾ?" ಎಂದಳು ಅಜ್ಜಿ.

"ಆಗುತ್ತೆ," ಎಂದ ಅವನು. ಅವನೇ ಮಾತಾಡಿದ್ದು ಕೇಳಿ ಹೆಂಡತಿಗೆ ಆಶ್ಚರ್ಯವಾಯಿತು. ಅವನು ಗೋಡೆಯ ಉದ್ದಕ್ಕೆ ಗೇಣು ಹಾಕುತ್ತಿದ್ದ. "ಮಂಚ ಇಲ್ಲಿ. ಶಾಲೆ ಪುಸ್ತಕಕ್ಕೆ ಇಲ್ಲೊಂದು ಹಲಗೆ ಹೊಡೀಬಹುದು. ಮೊಳೆ ನಿಲ್ಲುತ್ತಾ ಈ ಗೋಡೇಲಿ?"

"ಸುತ್ತಿಗೆ ನೆಟ್ಟಗೆ ಹಿಡಿಯೋಕೆ ಬಂದ್ರೆ ನಿಲ್ಲುತ್ತೆ," ಎಂದಳು ಅಜ್ಜಿ. "ನೋಡಿ, ಹಡಗು ಬಂದಿದೆ. ಇವತ್ತು ಟೋಪಿ ಮಾರದಿದ್ರೆ ಇನ್ಯಾವತ್ತು ಮಾರಲಿ? ನಾನು ಅಂಗಡಿಗೆ ಹೋಗ್ತೀನಿ. ನಿಂತ ಕಾಲಲ್ಲಿ ಮನೆ ನೋಡಿ ಒಪ್ಕೊಳ್ಳೋರು ಆಮೇಲೆ ನನ್ನ ಪ್ರಾಣ ತಿಂತಾರೆ. ನೀವು ಕೂತು ನೋಡಿ. ಒಲೆ ಹಚ್ಚಿ ನೋಡಿ, ನಲ್ಲಿ ಬಿಟ್ಟು ನೋಡಿ, ಮಲಗಿ ಗಾಳಿ ಎಲ್ಲಿಂದ ಬರುತ್ತೆ ನೋಡಿ. ಊಟದ ಹೊತ್ತು ಕಳೆದ ಮೇಲೆ ಬರ್ತೀನಿ. ಆಗ ಹೇಳಿ, ಬೇಕೋ ಬೇಡವೋ."

ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು ಟೋಪಿಗಳ ಗೋಪುರ ಎತ್ತಿಕೊಂಡು ಅಜ್ಜಿ ಓಣಿಯಲ್ಲಿ ಇಳಿದುಹೋದಳು.

ಇಬ್ಬರೇ ಉಳಿದರು. ಎಷ್ಟು ಕಾಲದ ಮೇಲೆ ಒಂದು ಬಾಗಿಲ ಒಳಗೆ ಇಬ್ಬರೇ! ಏನು ಮಾಡಬೇಕೆಂದು ತಿಳಿಯದೆ ಮದುವೆಯಾದ ಹೊಸತರಲ್ಲಿ ನಿಂತ ಹಾಗೆ ನಿಂತರು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ವಾಷರ್ ಹೋಗಿದೆ," ಎಂದ ಅವನು.

"ಎಲ್ಲಿ ಹೋದ್ರೂ ನಿಮಗೆ ಅದೇ ಕಾಣೋದು."

"ಕಾಣ್ಸೋದಲ್ಲ, ಕೇಳ್ಸೋದು." ಅವನು ಕಿವಿ ಮುಟ್ಟಿಕೊಂಡು ನಕ್ಕ. "ಇಷ್ಟು ಸಣ್ಣ ಸದ್ದು ಕೇಳಿ ಎಷ್ಟು ದಿನ ಆಯ್ತು ಗೊತ್ತಾ?"

ಅವನು ಹಿತ್ತಲಿಗೆ ಹೋಗಿ ಹುಡುಕಿದ. ಯಾರೋ ಎಸೆದ ಹಳೇ ರಬ್ಬರ್ ಚಪ್ಪಲಿಯೊಂದು ಸಿಕ್ಕಿತು. ಜೇಬಿನಲ್ಲಿ ಸದಾ ಇರುವ ಚಾಕು ತೆಗೆದು ಅದರ ಹಿಮ್ಮಡಿಯಿಂದ ದುಂಡಗೆ ಒಂದು ಬಿಲ್ಲೆ ಕತ್ತರಿಸಿದ. ಆ ಹೊತ್ತಿಗೆ ಅವಳು ಓಣಿಯ ಕೆಳಗಿನ ಅಂಗಡಿಗೆ ಹೋಗಿ ಅಕ್ಕಿ, ಮೊಟ್ಟೆ, ಈರುಳ್ಳಿ, ಎಣ್ಣೆ, ಉಪ್ಪು, ಒಂದು ಹಿಡಿ ಹಸಿಮೆಣಸು ತಂದಳು. ಬೆಂಕಿಪೊಟ್ಟಣವನ್ನೂ ಎರಡು ಬಾಳೆಲೆಯನ್ನೂ ತಂದಳು. ಅಂಗಡಿಯವನು, "ನೀಲಿ ಬಾಗಿಲ ಮನೆಗೆ ಬಂದವರಾ?" ಎಂದು ಕೇಳಿದ. "ಹೌದು," ಎಂದಳು. ಆ ಒಂದು ಮಾತು ಹೇಳಿದ ಖುಷಿಗೆ ಚಿಲ್ಲರೆ ಎಣಿಸದೆಯೇ ಹೊರಟಳು.

ಹಡಗಿಗೆ ಸೇರಿದ ಮೇಲೆ ಅವಳು ಒಂದು ಲೋಟ ನೀರನ್ನೂ ಕಾಯಿಸಿರಲಿಲ್ಲ. ಅಲ್ಲಿ ಊಟ ದೊಡ್ಡ ತಟ್ಟೆಗಳಲ್ಲಿ ಬರುತ್ತಿತ್ತು, ಯಾರು ಬೇಯಿಸಿದರೋ, ಯಾವ ಕೈಯೋ. ಇಲ್ಲಿ ಇದ್ದ ಒಂದೇ ಬಾಣಲೆಯಲ್ಲಿ ಮೊದಲು ಅನ್ನ ಮಾಡಿ ಅದನ್ನು ಬಾಳೆಲೆಯ ಮೇಲೆ ಸುರಿದಳು. ಆಮೇಲೆ ಅದರಲ್ಲೇ ಈರುಳ್ಳಿ ಹುರಿದು ಮೊಟ್ಟೆ ಒಡೆದಳು. ಹಿಡಿ ಇಲ್ಲದ ಬಾಣಲೆಯನ್ನು ಸೆರಗಿನಲ್ಲಿ ಹಿಡಿದು ಕೈ ಸುಟ್ಟುಕೊಂಡಳು. ಇಸ್ತ್ರಿಯ ಸುಟ್ಟ ಗುರುತುಗಳ ಪಕ್ಕದಲ್ಲಿ ಇದೊಂದು ಹೊಸದು. ನೆಲದ ಮೇಲೆ ಎದುರುಬದುರು ಕೂತು ಉಂಡರು. ಅವನು ಅನ್ನವನ್ನು ಎರಡನೇ ಸಲ ಹಾಕಿಸಿಕೊಂಡ, ಮೂರನೇ ಸಲವೂ ಹಾಕಿಸಿಕೊಂಡ.

"ಉಪ್ಪು ಜಾಸ್ತಿ ಆಗಿದೆಯಲ್ವಾ? ಕೈ ಅಂದಾಜು ತಪ್ಪಿಹೋಗಿದೆ," ಎಂದಳು.

"ಆಗಿದೆ," ಎಂದ ಅವನು. "ನೀನು ಯಾವಾಗ್ಲೂ ಹಾಕೋ ಅಷ್ಟೇ ಆಗಿದೆ."

ನಲ್ಲಿ ಈಗ ತೊಟ್ಟಿಕ್ಕುತ್ತಿರಲಿಲ್ಲ. ಅವಳು ಬಾಣಲೆ ತಿಕ್ಕಿ, ನೆಲ ಒರೆಸಿ, ಹಿಂದಿನ ಬಾಗಿಲು ಹಾಕಲು ಹೋದಳು. ಅದು ಉಬ್ಬಿಕೊಂಡಿತ್ತು. ಸ್ವಲ್ಪ ಎತ್ತಿ ಎಳೆದರೆ ಮುಚ್ಚುತ್ತದೆಂದು ಎರಡು ಸಲದಲ್ಲಿ ಕೈಗೆ ತಿಳಿಯಿತು. ದೊಡ್ಡ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಗಾಳಿ ಪಶ್ಚಿಮದ ಕಿಟಕಿಯಿಂದ ಬಂದು ಬಾಗಿಲಿನಿಂದ ಹೋಗುತ್ತಿತ್ತು. ಅವನ ತೋಳಿನ ಮೇಲೆ ತಲೆಯಿಟ್ಟಾಗ ಡೀಸೆಲ್ಲಿನ ವಾಸನೆ ಬಂತು. ಎಷ್ಟು ಸಾಬೂನು ಹಚ್ಚಿದರೂ ಹೋಗದ ವಾಸನೆ.

"ನೆಲ ಅಲ್ಲಾಡ್ತಾ ಇಲ್ಲ," ಎಂದಳು.

"ಹೂಂ," ಎಂದ ಅವನು, ತೀರ ಮೆಲ್ಲಗೆ. ಆ ದನಿ ಕೇಳಿದ್ದೇ ಅವಳಿಗೆ ಅಳು ಬಂತು, ಯಾಕೆಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ನಿದ್ದೆ ಹತ್ತಿತು.

ಎಚ್ಚರವಾದದ್ದು ಫೋನಿನ ಸದ್ದಿಗೆ. ಹಡಗಿನಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಇಲ್ಲಿ ಸಿಕ್ಕಿತ್ತು, ಊರಿನಿಂದ ಅತ್ತೆ ವಿಡಿಯೋ ಕರೆ ಮಾಡಿದ್ದರು. ಅವಳು ಎದ್ದು ಕೂತು ಕೂದಲು ಸರಿಮಾಡಿಕೊಂಡಳು. ಪರದೆಯ ತುಂಬ ಚೋಟುವಿನ ಮುಖ, ಮುಂದಿನ ಹಲ್ಲಿನ ಜಾಗದಲ್ಲಿ ಹೊಸ ಹಲ್ಲಿನ ಬಿಳಿ ತುದಿ.

"ಅಮ್ಮಾ! ನಿನ್ನ ಹಿಂದೆ ಕಿಟಕಿ ಇದೆ!"

"ಇದೆ ಬಂಗಾರಾ."

"ನಿಮ್ಮ ಹಡಗಲ್ಲಿ ಕಿಟಕಿ ಇಲ್ಲ ಅಂದಿದ್ದೆ. ಅದು ಯಾರ ಮನೆ?"

"ಅದು..." ಎಂದ ಅವನು, ಹಿಂದಿನಿಂದ.

"ನಮ್ಮದು," ಎಂದಳು ಅವಳು.

ಚೋಟು ಕಿರುಚಿದಳು. "ಅಜ್ಜೀ! ಅಮ್ಮ ಅಪ್ಪ ಮನೆ ಮಾಡಿದ್ದಾರೆ! ಅಮ್ಮಾ, ನನ್ನ ಕೋಣೆ ತೋರ್ಸು, ನನ್ನ ಕೋಣೆ!"

ಅವಳು ಎದ್ದಳು. ಕಾಲುಗಳು ತಾವಾಗಿಯೇ ಚಿಕ್ಕ ಕೋಣೆಗೆ ಹೋದವು. "ಇಲ್ಲಿ ನಿನ್ನ ಮಂಚ," ಎಂದಳು. "ಇಲ್ಲಿ ಪುಸ್ತಕದ ಹಲಗೆ." ಮಗು ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅತ್ತೆಯ ದನಿ ಕೇಳಿಸಿತು, "ಏನಿದು, ನಮಗೊಂದು ಮಾತು ಹೇಳಬಾರದಾ?" ಅಷ್ಟರಲ್ಲಿ ಪರದೆ ನಿಂತುಹೋಯಿತು. ಚೋಟುವಿನ ಬಾಯಿ ತೆರೆದೇ ಇತ್ತು, ಆಮೇಲೆ ಅದೂ ಮಾಯವಾಯಿತು. ಮತ್ತೆ ಮತ್ತೆ ಪ್ರಯತ್ನಿಸಿದರೂ ಕರೆ ಹೋಗಲಿಲ್ಲ.

"ಮಗೂಗೆ ಯಾಕೆ ಹಾಗೆ ಹೇಳ್ದೆ?" ಅವನ ದನಿ ಮತ್ತೆ ಏರಿತ್ತು.

"ಬಾಯಿಗೆ ಬಂತು, ಹೇಳ್ದೆ."

"ಬಾಯಿಗೆ ಬಂದಿದ್ದೆಲ್ಲ ಹೇಳೋದಾ? ಟೋಪಿ ಅಜ್ಜಿ ಮುಂದೆ ನಾಟಕ ಆಡಿದ್ದು ಸಾಲದು ಅಂತ ಮಗೂ ಮುಂದೇನೂ ಆಡಬೇಕಾ? ಈಗ ಅದು ಚೀಲ ತುಂಬ್ಕೊಂಡು ಬಾಗಿಲಲ್ಲಿ ಕೂತ್ಕೊಳ್ಳುತ್ತೆ."

"ಕೂತ್ಕೊಳ್ಳಲಿ! ಅದು ಹುಟ್ಟಿದಾಗಿಂದ ಕೂತೇ ಇದೆ. ನೀವು 'ಇದೊಂದು ಸಲ, ಇದೊಂದು ಸಲ' ಅಂತ ಹಡಗಿನ ಕರಾರಿಗೆ ಸಹಿ ಹಾಕ್ತಾ ಹೋಗಿ."

"ನಾನೊಬ್ಬನೇ ಹಾಕಿದ್ನಾ? ಪಕ್ಕದಲ್ಲಿ ನಿಂತು ಪೆನ್ನು ಕೊಟ್ಟೋಳು ಯಾರು?"

"ಹೌದು, ಕೊಟ್ಟೆ! ನೀವು ಒಂದು ಸಲನಾದ್ರೂ ಬೇಡ ಅಂತೀರೇನೋ ಅಂತ ಕಾಯ್ತಾ ಕೊಟ್ಟೆ!"

"ನಾನೂ ಅದನ್ನೇ ಕಾಯ್ತಿದ್ದೆ!" ಎಂದು ಅವನು ಕೂಗಿದ. ಖಾಲಿ ಗೋಡೆಗಳು ಆ ಮಾತನ್ನು ಹಿಂದಕ್ಕೆ ಎಸೆದವು. "ನೀನು ಬೇಡ ಅಂದ್ರೆ ಸಾಕಿತ್ತು ನನಗೆ. ನೀನು ಬಾಯೇ ಬಿಡಲಿಲ್ಲ."

ಇಬ್ಬರೂ ಏದುಸಿರು ಬಿಡುತ್ತ ಎದುರುಬದುರು ನಿಂತಿದ್ದರು. ಹಡಗಿಗೆ ಸೇರಿದ ಮೇಲೆ ಅವರು ಒಂದು ದಿನವೂ ಜಗಳವಾಡಿರಲಿಲ್ಲ. ಎಲ್ಲಿ ಆಡುವುದು? ಊಟದ ಹಾಲಿನಲ್ಲೇ, ಎಲ್ಲರೂ ಚಮಚ ಹಿಡಿದು ನೋಡುತ್ತಿರುವಾಗ? ಜಗಳಕ್ಕೂ ನಾಲ್ಕು ಗೋಡೆ ಬೇಕು. ಅವಳು ಗೋಡೆಗೆ ಒರಗಿ ಕೆಳಗೆ ಕೂತಳು. ಅವನೂ ಬಂದು ಪಕ್ಕದಲ್ಲಿ ಕೂತ.

"ಅಜ್ಜಿ ಬಂದ ತಕ್ಷಣ ನಿಜ ಹೇಳಿಬಿಡೋಣ," ಎಂದ.

ಅಜ್ಜಿ ಬಂದಾಗ ಅವಳ ಕೈಯಲ್ಲಿ ಒಂದೇ ಒಂದು ಟೋಪಿಯಿತ್ತು. ಚಿಕ್ಕದು, ಕೆಂಪು ಪಟ್ಟಿ ಹೊಲಿದದ್ದು.

"ಎಲ್ಲ ಖರ್ಚಾಯ್ತು," ಎಂದಳು ಖುಷಿಯಿಂದ. "ಇದನ್ನ ನಿಮ್ಮ ಮಗಳಿಗೆ ಎತ್ತಿಟ್ಟೆ. ಇಲ್ಲಿನ ಬಿಸಿಲಿಗೆ ಮಕ್ಕಳು ಟೋಪಿ ಇಲ್ಲದೆ ಹೊರಗೆ ಹೋಗಬಾರದು. ಹೂಂ, ಹೇಗಿದೆ ಮನೆ? ಆಸ್ಪತ್ರೆ ನರ್ಸಮ್ಮ ಮಧ್ಯಾಹ್ನ ಅಂಗಡಿಗೆ ಬಂದಿದ್ಲು, ಮನೆ ಬೇಕು ಅಂತ. ಅವಳನ್ನ ವಾಪಸ್ ಕಳಿಸಿಬಿಟ್ಟೆ. ಮಗು ಇರೋರು ಬಂದಿದ್ದಾರೆ, ಮನೆ ಅವರಿಗೇ ಅಂದೆ."

ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಅವಳೇ ಹೇಳಿದಳು. ತಾವು ಹಡಗಿನವರೆಂದು, ಸಂಜೆ ಹೊರಡಬೇಕೆಂದು, ಮನೆ ತೆಗೆದುಕೊಳ್ಳುವ ಯೋಚನೆ ಬೆಳಿಗ್ಗೆಯೂ ಇರಲಿಲ್ಲವೆಂದು. ಸುಮ್ಮನೆ ಒಂದು ದಿನ ಮನೆಯೊಳಗೆ ಇರಬೇಕೆನಿಸಿತ್ತು ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣಗಾಯಿತು.

ಅಜ್ಜಿಯ ಮುಖ ಕೆಂಪಾಯಿತು.

"ಹುಟ್ಟಿದಾಗಿಂದ ಟೋಪಿ ಮಾರ್ತಾ ಇದ್ದೀನಿ. ನನಗೇ ಟೋಪಿ ಹಾಕಿದ್ರಲ್ಲ!"

ಬೇರೆ ಹೊತ್ತಿನಲ್ಲಿ ಆಗಿದ್ದರೆ ಮೂವರೂ ನಗುತ್ತಿದ್ದರು. ಈಗ ಯಾರೂ ನಗಲಿಲ್ಲ.

"ತಪ್ಪಾಯ್ತು ಅಮ್ಮಾ," ಎಂದ ಅವನು.

"ತಪ್ಪಾಯ್ತು ಅಂದ್ರೆ ಆಯ್ತಾ? ಆ ಹುಡುಗಿ ಆಸ್ಪತ್ರೆ ಹಿಂದಿನ ಸಾಮಾನು ಕೋಣೇಲಿ ಮಲಗ್ತಾಳೆ. ಊರಿಂದ ತಾಯೀನ ಕರ್ಕೊಂಡು ಬರಬೇಕು ಅಂತ ಮನೆ ಹುಡುಕ್ತಾ ಇದ್ದಾಳೆ. ನಾನು ಇಲ್ಲ ಅಂದಾಗ ಅವಳ ಮುಖ ನೋಡಬೇಕಿತ್ತು ನೀವು." ಅಜ್ಜಿ ಅಡುಗೆಮನೆಗೆ ಹೋದಳು, ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಒರೆಸಿದ ನೆಲ, ತಿಕ್ಕಿದ ಬಾಣಲೆ, ಸುಮ್ಮನಿದ್ದ ನಲ್ಲಿ. ಹಿಂದಿರುಗಿ ಬಂದಾಗ ಕೋಪ ಇಳಿದಿರಲಿಲ್ಲ, ಆದರೆ ದನಿ ಇಳಿದಿತ್ತು. "ದೋಣಿ ಕಟ್ಟೆಗೆ ಹೋಗೋ ದಾರೀಲೇ ಆಸ್ಪತ್ರೆ ಸಿಗುತ್ತೆ. ನೀವೇ ಹೋಗಿ ಅವಳಿಗೆ ಹೇಳಬೇಕು, ಮನೆ ಅವಳದ್ದೇ ಅಂತ. ನಾನು ಹೇಳಲ್ಲ. ಹೇಳಿದ ಮೇಲೇ ನೀವು ದೋಣಿ ಹತ್ತಬೇಕು."

"ಹೇಳ್ತೀವಿ," ಎಂದಳು ಅವಳು. ಬೀಗದ ಕೈ ಕೊಟ್ಟು, ಚಿಕ್ಕ ಟೋಪಿಯನ್ನೂ ಮುಂದೆ ಹಿಡಿದಳು.

"ಅದನ್ಯಾಕೆ ಕೊಡ್ತೀಯಾ? ಮಗು ನನಗೇನು ಸುಳ್ಳು ಹೇಳಿಲ್ಲವಲ್ಲ. ಟೋಪಿ ಮಗೂದು." ಅಜ್ಜಿ ನೀಲಿ ಬಾಗಿಲಿಗೆ ಬೀಗ ಹಾಕಿ, ಅವರ ಕಡೆ ನೋಡದೆ ತನ್ನ ಮನೆಯೊಳಗೆ ಹೋದಳು.

ಆಸ್ಪತ್ರೆಯೆಂದರೆ ಎರಡು ಕೋಣೆ, ಒಂದು ಜಗಲಿ. ನರ್ಸ್ ಜಗಲಿಯಲ್ಲಿ ಕೂತು ಒಗೆದ ಬ್ಯಾಂಡೇಜು ಬಟ್ಟೆ ಸುತ್ತುತ್ತಿದ್ದಳು. ಎಳೆಯ ವಯಸ್ಸು, ಕಣ್ಣ ಕೆಳಗೆ ದಣಿವು. ವಿಷಯ ಹೇಳಿದಾಗ ಅವಳ ಕೈಯಿಂದ ಸುತ್ತು ಜಾರಿ ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಉರುಳಿತು.

"ನಿಜವಾಗ್ಲೂ? ನಾನು ಇನ್ನೂ ಒಳಗೆ ಹೋಗಿ ನೋಡೇ ಇಲ್ಲ. ಹೇಗಿದೆ ಮನೆ? ನಮ್ಮಮ್ಮನಿಗೆ ಮಂಡಿ ನೋವು. ಮೆಟ್ಟಿಲು ಇದೆಯಾ?"

"ಒಂದೇ ಒಂದು ಹೊಸ್ತಿಲು, ಅದೂ ಸವೆದಿದೆ. ಅವರಿಗೆ ಕಷ್ಟ ಆಗಲ್ಲ," ಎಂದಳು ಅವಳು. ಆ ಬಟ್ಟೆಯ ತುದಿ ಎತ್ತಿ ತಾನೇ ಸುತ್ತತೊಡಗಿದಳು. ಕೈ ಸುಮ್ಮನಿರುವುದು ಅವಳಿಗೆ ಗೊತ್ತಿರಲಿಲ್ಲ. "ಹಿಂದಿನ ಬಾಗಿಲು ಉಬ್ಬಿದೆ. ಜೋರು ಮಾಡಬೇಡ, ಸ್ವಲ್ಪ ಎತ್ತಿ ಎಳಿ, ಬರುತ್ತೆ. ನಲ್ಲಿ ಸರಿಯಾಗಿದೆ. ಒಲೆ ಎಡಗಡೇದು ಚೆನ್ನಾಗಿ ಉರಿಯುತ್ತೆ, ಬಲಗಡೇದು ಮುನಿಸ್ಕೊಳ್ಳುತ್ತೆ. ದೊಡ್ಡ ಕೋಣೇಲಿ ಪಶ್ಚಿಮದ ಕಿಟಕಿ ತೆಗೆದು ಬಾಗಿಲು ತೆಗೆದಿಟ್ರೆ ಫ್ಯಾನೇ ಬೇಡ. ಚಿಕ್ಕ ಕೋಣೆ..." ಅಲ್ಲಿ ನಿಂತಳು.

"ಚಿಕ್ಕ ಕೋಣೆ?" ಎಂದು ಕೇಳಿದಳು ನರ್ಸ್.

"ಚಿಕ್ಕ ಕೋಣೇಲಿ ಬೆಳಕು ಚೆನ್ನಾಗಿದೆ," ಎಂದ ಅವನು.

"ಇಷ್ಟು ಚೆನ್ನಾಗಿದೆ ಅಂತೀರಿ. ಮತ್ತೆ ನೀವ್ಯಾಕೆ ಬೇಡ ಅಂದ್ರಿ?"

"ನಮಗೆ ಕೆಲಸಕ್ಕೆ ದೂರ ಆಗುತ್ತೆ ಕಣಮ್ಮಾ," ಎಂದಳು ಅವಳು.

ನರ್ಸ್ ಅವಳ ಎರಡೂ ಕೈ ಹಿಡಿದುಕೊಂಡಳು. ಥ್ಯಾಂಕ್ಸ್ ಹೇಳಿಸಿಕೊಳ್ಳುವಂಥದ್ದು ತಾನೇನೂ ಮಾಡಿಲ್ಲವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ದೂರದಲ್ಲಿ ಹಡಗು ಕೂಗಿತು. ಇಬ್ಬರೂ ಓಡಿದರು.

ಕೆಲಸಗಾರರ ಕೊನೆಯ ದೋಣಿ ಹಗ್ಗ ಬಿಚ್ಚುತ್ತಿತ್ತು. ಹತ್ತಿ ಕೂತ ಮೇಲೆ ಅವಳು ಫೋನ್ ತೆಗೆದಳು. ಸಿಗ್ನಲ್ಲಿನ ಒಂದು ಗೆರೆ ಉಳಿದಿತ್ತು.

"ಆಮೇಲೆ ಹೇಳೋಣ," ಎಂದ ಅವನು.

"ಬೇಡ. ಈಗಲೇ."

ಚೋಟುವೇ ಎತ್ತಿದಳು. ಈ ಸಲ ಮುಖ ಕಾಣಲಿಲ್ಲ, ದನಿ ಮಾತ್ರ. "ಅಮ್ಮಾ, ನಾನು ಎಲ್ಲಾ ಚೀಲಕ್ಕೆ ತುಂಬ್ಕೊಂಡೆ. ಅಜ್ಜಿ ಚಳಿ ಬಟ್ಟೆ ಬೇಡ ಅಂದ್ರು. ಅಲ್ಲಿ ಚಳಿ ಇದೆಯಾ?"

"ಚೋಟು, ಕೇಳು. ಅದು ನಮ್ಮ ಮನೆ ಅಲ್ಲ. ನಾನು ನಿನಗೆ ಸುಳ್ಳು ಹೇಳ್ದೆ."

ಗಾಳಿ, ಅಲೆ, ದೋಣಿಯ ಮೋಟಾರು.

"ಯಾಕೆ?" ಎಂದು ಕೇಳಿದಳು ಚೋಟು.

"ನಮ್ಮದಾಗಲಿ ಅಂತ ತುಂಬಾ ಆಸೆ ಆಯ್ತು ಕಣೇ. ಅದಕ್ಕೆ."

"ನನಗೂ ಆಯ್ತು," ಎಂದಳು ಮಗಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಗೆರೆ ಹೋಯಿತು, ಕರೆಯೂ ಹೋಯಿತು.

ದೋಣಿ ಹಡಗಿನ ನೆರಳಿಗೆ ಬಂದಾಗ ಅವನು ಅವಳ ಕಿವಿಗೆ ಬಾಯಿಟ್ಟು ಹೇಳಿದ, "ಈ ಸರದಿ ಮುಗಿದ್ಮೇಲೆ ಮತ್ತೆ ಸಹಿ ಹಾಕಬೇಡ. ನೀನು ಊರಿಗೆ ಹೋಗು."

"ನೀವು?"

"ಇಬ್ಬರೂ ಒಟ್ಟಿಗೆ ಇಳಿದ್ರೆ ಮನೆ ಮಾಡೋಕೆ ದುಡ್ಡೆಲ್ಲಿ? ನಾನು ಇನ್ನೊಂದು ಸರದಿ ಇರ್ತೀನಿ."

ಅವಳು ಬೇಡ ಎನ್ನಬೇಕೆಂದುಕೊಂಡಳು. ಮಧ್ಯಾಹ್ನವಷ್ಟೇ ಅವನು ಕೂಗಿ ಹೇಳಿದ್ದ, ಬೇಡ ಅಂದಿದ್ದರೆ ಸಾಕಿತ್ತು ಎಂದು. ಆದರೆ ಚೀಲ ತುಂಬಿಕೊಂಡು ಕೂತಿದ್ದ ಮಗುವಿನ ದನಿ ಕಿವಿಯಲ್ಲಿತ್ತು. ಅವಳು ಹೂಂ ಎಂದಳು. ಅಷ್ಟು ಭಾರದ ಹೂಂ ಅವಳ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

ಲಾಂಡ್ರಿಯಲ್ಲಿ ಗುಬ್ಬಿ ಬೆವರು ಒರೆಸಿಕೊಳ್ಳುತ್ತ ಕಾದಿದ್ದಳು. "ಬಂದ್ಯಾ ಅಕ್ಕಾ! ಹೇಗಿತ್ತು ದ್ವೀಪ? ನೀರು ನೀಲಿ ಇತ್ತಂತೆ. ಮೀನೆಲ್ಲ ಕಾಲ ಹತ್ರನೇ ಬರ್ತವಂತೆ. ಏನೇನು ನೋಡಿದ್ರಿ?"

"ಏನೂ ನೋಡಲಿಲ್ಲ ಕಣೇ," ಎಂದಳು ಅವಳು, ಇಸ್ತ್ರಿ ಪೆಟ್ಟಿಗೆ ಕೈಗೆ ತೆಗೆದುಕೊಳ್ಳುತ್ತ. "ಇಡೀ ದಿನ ಮನೇಲೇ ಇದ್ವಿ."

ಆ ಸರದಿ ಮುಗಿದಾಗ ಅವಳು ಇಳಿದಳು. ಅವನು ರೇಲಿಂಗ್ ಹಿಡಿದು ಮೇಲೆ ನಿಂತಿದ್ದ, ಕೈ ಬೀಸಲು ಮರೆತು. ಊರಿಗೆ ಬಂದಾಗ ಚೋಟು ಅಜ್ಜಿಯ ಹಿಂದೆ ಅವಿತುಕೊಂಡಳು. ಫೋನಿನಲ್ಲಿ ಅಷ್ಟು ಮಾತಾಡುವ ಮಗು, ಎದುರಿಗೆ ನಿಂತ ತಾಯಿಯನ್ನು ಯಾರೋ ನೆಂಟರನ್ನು ನೋಡುವ ಹಾಗೆ ನೋಡಿತು. ಮಾರನೆಯ ದಿನ ಕೆಂಪು ಪಟ್ಟಿಯ ಟೋಪಿ ಹಾಕಿಕೊಂಡು ಹತ್ತಿರ ಬಂದು ಕೂತಳು. ಅದರ ಮರುದಿನ, ಅವಳ ಕೈಯ ಸುಟ್ಟ ಗುರುತುಗಳ ಮೇಲೆ ಬೆರಳಿಟ್ಟು ಒಂದೊಂದರ ಕಥೆ ಕೇಳಿದಳು. ತಿಂಗಳು ಕಳೆಯುವುದರೊಳಗೆ ಅವಳು ಅತ್ತೆಯ ಮನೆಯ ಬೀದಿಯಲ್ಲೇ ಒಂದು ಚಿಕ್ಕ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಳು. ಅದರ ಕಿಟಕಿಯಿಂದ ಎದುರು ಮನೆಯ ಗೋಡೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನ ಫೋನು ಬಂತು. ಯಾವುದೋ ಬಂದರಿನ ಗದ್ದಲದ ನಡುವಿನಿಂದ ಅವನು ಕೂಗುತ್ತಿದ್ದ, ಊಟ ಆಯಿತಾ, ಅಂಗಡಿ ಹೇಗೆ ನಡೆಯುತ್ತಿದೆ, ಅಮ್ಮ ಹೇಗಿದ್ದಾರೆ ಎಂದು.

"ಮೆಲ್ಲಗೆ ಮಾತಾಡಿ ರೀ," ಎಂದಳು ಅವಳು, ಒಳಗಿನ ಕೋಣೆಯ ಕಡೆ ನೋಡುತ್ತ. "ಮಗು ಮಲಗಿದ್ದಾಳೆ."

ಅವನು ಸುಮ್ಮನಾದ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು, ಬಂದರಿನ ಆ ಗದ್ದಲದೊಳಗೆ ಅವನ ಉಸಿರು ಎಲ್ಲಿದೆಯೆಂದು ಹುಡುಕುತ್ತ ನಿಂತಳು.